ಸಿರಿಲ್ ಚೆನೊವೆತ್ ಅವರ ಮನೆಹೆಸರು

ಆಸ್ಟ್ರೇಲಿಯಾದ ಪರ್ತ್ ನಗರದ ಎಲೆನ್‌ಬ್ರೂಕಿನ ಮನೆಗೆ ಬಂದ ಮೊದಲ ವಾರವೇ, ಹಂಸಾ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾಗ, ಬೇಲಿಯಾಚೆಯಿಂದ ಒಂದು ದನಿ ಕೇಳಿತು. "ಏನಮ್ಮಾ, ಮಗು ಯಾಕೆ ಅಂಗೆ ಅಳ್ತೈತೆ? ಹೊಟ್ಟೆನೋವಾ?"

ಅವಳ ಕೈಯಲ್ಲಿದ್ದ ಟವೆಲ್ ಮರಳಿಗೆ ಬಿತ್ತು. ಬ್ರಿಸ್ಬೇನಿನ ಟೂವಾಂಗಿನಲ್ಲಿ ಬಾಡಿಗೆಗಿದ್ದಷ್ಟು ದಿನವೂ ಅಕ್ಕಪಕ್ಕದವರು 'ಹಲೋ' ದಾಟಿ ಮುಂದೆ ಹೋದವರಲ್ಲ. ಇಲ್ಲಿ ನೋಡಿದರೆ ಅಗಲವಾದ ಹ್ಯಾಟು, ಚಡ್ಡಿ, ಮೊಣಕಾಲಿನವರೆಗೆ ಎಳೆದ ಬಿಳಿ ಸಾಕ್ಸು ಹಾಕಿಕೊಂಡ ಮುದುಕರೊಬ್ಬರು ನೀರಿನ ಪೈಪು ಹಿಡಿದು ನಿಂತು ಕೋಲಾರದ ಕನ್ನಡ ಮಾತಾಡುತ್ತಿದ್ದಾರೆ!

"ನಾನು ಕೆಜಿಎಫ್ ಕಣಮ್ಮ. ಚಾಂಪಿಯನ್ ರೀಫ್. ನೀವು ಮೈಸೂರಲ್ವಾ? ಮಗೂನ ಬೈಯೋದ್ರಲ್ಲೇ ಗೊತ್ತಾಯ್ತು. ಬೈದ್ರೂ ಬೆಣ್ಣೆ ಸವರಿದಂಗೆ ಬೈತೀರ."

ಅವರ ಹೆಸರು ಸಿರಿಲ್ ಚೆನೊವೆತ್. ಅಂಚೆಪೆಟ್ಟಿಗೆಯ ಮೇಲೆ ಹಿತ್ತಾಳೆಯ ಅಕ್ಷರಗಳಲ್ಲಿ ಆ ಹೆಸರಿತ್ತು. ಭಾನುವಾರ ಚರ್ಚಿಗೆ ಹೋಗುವ ಮುನ್ನ ಅವರು ಅದನ್ನು ಬಟ್ಟೆಯಲ್ಲಿ ಉಜ್ಜುವುದನ್ನು ಹಂಸಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಎಂಬತ್ತಕ್ಕೆ ಹತ್ತಿರದ ವಯಸ್ಸು. ಹೆಂಡತಿ ಮೊರೀನ್ ತೀರಿಕೊಂಡು ಆರೇಳು ವರ್ಷ. ಒಬ್ಬನೇ ಮಗ ಡೆಸ್ಮಂಡ್ ಬ್ರಿಸ್ಬೇನಿನಲ್ಲಿ. ಪರ್ತ್‌ನಲ್ಲಿ ಇಂಥ ಆಂಗ್ಲೋ ಇಂಡಿಯನ್ ಹಿರಿಯರು ಬೇಕಾದಷ್ಟು ಜನ ಇದ್ದಾರಂತೆ, ಆದರೆ ಕನ್ನಡ ಬರುವವರು ಇವರೊಬ್ಬರೇ ಇರಬೇಕು ಎಂದು ಹಂಸಾಳ ಗಂಡ ವಿನಯ ನಕ್ಕಿದ್ದ.

ಕೆಜಿಎಫ್‌ನಲ್ಲಿ ಅವರದು ವೈಂಡಿಂಗ್ ಎಂಜಿನ್ ನಡೆಸುವ ಕೆಲಸ. ಗಣಿಯ ಬಾಯಿಯ ಪಕ್ಕದ ಕಟ್ಟಡದಲ್ಲಿ ಕೂತು, ಕೂಲಿಗಳು ತುಂಬಿದ ಪಂಜರವನ್ನು ಹಗ್ಗದಲ್ಲಿ ಮೈಲಿಗಿಂತ ಆಳಕ್ಕೆ ಇಳಿಸುವುದು, ಮತ್ತೆ ಎತ್ತುವುದು. ಕೂತ ಜಾಗದಿಂದ ಗಣಿಯೂ ಕಾಣದು, ಜನರೂ ಕಾಣರು. ಕೆಳಗಿನಿಂದ ಬರುವ ಗಂಟೆಯ ಸದ್ದು, ಪಂಜರ ಎಷ್ಟು ಆಳದಲ್ಲಿದೆ ಎಂದು ತೋರಿಸುವ ಎದುರಿನ ಮುಳ್ಳು, ಅಷ್ಟೇ. "ಕೈ ಸ್ವಲ್ಪ ಜಾರಿದ್ರೆ ಅಷ್ಟೂ ಜನ ಹೋದ್ರು ಅಂತಲೇ ಲೆಕ್ಕ. ಒಂದಿನಾನೂ ಜಾರ್ಲಿಲ್ಲಮ್ಮ" ಎಂದು ಅವರು ಹೇಳಿದ್ದರು, ಜಂಬವಿಲ್ಲದೆ. ಸಾವಿರದ ಒಂಬೈನೂರ ಅರುವತ್ತೊಂಬತ್ತರಲ್ಲಿ ಹೆಂಡತಿಯನ್ನೂ ಚಿಕ್ಕ ಮಗನನ್ನೂ ಕರೆದುಕೊಂಡು ಇಲ್ಲಿಗೆ ಬಂದು, ಮಿಡ್‌ಲ್ಯಾಂಡಿನ ರೈಲ್ವೆ ವರ್ಕ್‌ಶಾಪಿನಲ್ಲಿ ಅದು ಮುಚ್ಚುವ ತನಕ ದುಡಿದಿದ್ದರು. ಅವರ ಜೀವನ ಇಷ್ಟೇ. ಪೇಪರಿನಲ್ಲಿ ಬರುವಂಥದ್ದು ಏನೂ ಇಲ್ಲ.

ಹಂಸಾಳಿಗೆ ಚಿಂತೆಪಡಲು ಕಾರಣ ಬೇಕಿರಲಿಲ್ಲ. ಹಿತ್ತಲಲ್ಲಿ ಹಾವು ಬಂದರೆ? ಬಿಸಿಲಿಗೆ ಮಗಳು ಪೂರ್ವಿಯ ಚರ್ಮಕ್ಕೆ ಏನಾದರೂ ಆದರೆ? ಪಕ್ಕದ ಬೀದಿಯವರ ಈಜುಕೊಳದ ಗೇಟು ಯಾಕೆ ಸರಿಯಾಗಿ ಮುಚ್ಚುವುದಿಲ್ಲ? ಮೂರು ವರ್ಷದ ಪೂರ್ವಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳಲ್ಲ, ನಾಳೆ ಅಜ್ಜಿಯ ಜೊತೆ ಏನು ಮಾತಾಡುತ್ತಾಳೆ? ಒಂದು ಜೇಡ ಕಂಡರೂ ಅದರ ಫೋಟೋ ತೆಗೆದು ಆಫೀಸಿನಲ್ಲಿದ್ದ ವಿನಯನಿಗೆ ಕಳಿಸುವಳು. ಅವನು ಮೀಟಿಂಗ್ ಮುಗಿಸಿ ಉತ್ತರ ಬರೆಯುವಷ್ಟರಲ್ಲಿ ಸಿರಿಲ್ ಅಂಕಲ್ ಬಂದು ಪೊರಕೆಯಲ್ಲಿ ಅದನ್ನು ಆಚೆ ಹಾಕಿ, ಕಾಫಿ ಕುಡಿದು ಹೋಗಿರುತ್ತಿದ್ದರು. ಹಾಗೆ ಬೆಳೆದ ಸ್ನೇಹ ಅದು.

ಎರಡು ಸಾವಿರದ ಹದಿನೇಳರ ಫೆಬ್ರವರಿಯಲ್ಲಿ ಅಂಕಲ್ ಒಂದು ಪುಟ್ಟ ಡಬ್ಬಿ ಹಿಡಿದುಕೊಂಡು ಬಂದರು. ಹುಟ್ಟುಹಬ್ಬಕ್ಕೆ ಡೆಸ್ಮಂಡ್ ಕಳಿಸಿದ್ದ ಉಡುಗೊರೆ. ಒಳಗೆ ಒಂದು ಪ್ಲಾಸ್ಟಿಕ್ ನಳಿಗೆ, ಮುಚ್ಚಳ, ಇರುವೆಯಂಥ ಅಕ್ಷರಗಳ ಕಾಗದ.

"ಕನ್ನಡಕದಲ್ಲೂ ಕಾಣಲ್ಲ. ಓದಮ್ಮ."

ಹಂಸಾ ಓದಿ ಮುಖ ಕಿವಿಚಿದಳು. "ಅಂಕಲ್, ಇದ್ರೊಳಗೆ ಉಗೀಬೇಕಂತೆ! ಎಂಜಲು ತುಂಬಿಸಿ ಪೋಸ್ಟ್ ಮಾಡ್ಬೇಕಂತೆ. ಥೂ, ನಮ್ಮಮ್ಮ ಕೇಳಿದ್ರೆ ಡಬ್ಬಿ ಮುಟ್ಟಿದ್ದಕ್ಕೇ ಸ್ನಾನ ಮಾಡಿಸ್ತಾಳೆ."

ಅವರು ನಗಲಿಲ್ಲ. "ಅದ್ರಲ್ಲಿ ಏನೇನು ಗೊತ್ತಾಗ್ತೈತೆ?"

"ಡಿಎನ್ಎ ಪರೀಕ್ಷೆ ಅಂಕಲ್, ರಕ್ತಸಂಬಂಧ. ಅಪ್ಪ, ಅಪ್ಪನ ಅಪ್ಪ, ಹಾಗೇ ಮೇಲಕ್ಕೆ. ಅದೇ ಹೆಸರಿನ ಬೇರೆಯವರ ಜೊತೆ ಹೋಲಿಸ್ತಾರಂತೆ."

ಮೇ ತಿಂಗಳಲ್ಲಿ ಅಡಿಲೇಡಿನಲ್ಲಿ ಚೆನೊವೆತ್ ಹೆಸರಿನವರೆಲ್ಲ ಸೇರುತ್ತಾರೆ, ಡೆಸ್ಮಂಡ್ ಎರಡು ವರ್ಷದಿಂದ ಅದೇ ಧ್ಯಾನದಲ್ಲಿದ್ದಾನೆ ಎಂದು ಅಂಕಲ್ ಆಗಲೇ ಹೇಳಿದ್ದರು. ಈಗ ಕುರ್ಚಿಯಲ್ಲಿ ಕೂತು ಹ್ಯಾಟನ್ನು ಮಂಡಿಯ ಮೇಲಿಟ್ಟುಕೊಂಡರು. ಆಮೇಲೆ, ಮನೆಯಲ್ಲಿ ಯಾರಿಗೂ ಹೇಳದ್ದನ್ನು, ತಮ್ಮ ಮನೆಯವರಿಗೆ ಯಾರಿಗೂ ಬಾರದ ಭಾಷೆಯಲ್ಲಿ ಹೇಳಿದರು.

"ಕ್ಯಾಪ್ಟನ್ ವಿಲಿಯಂ ಚೆನೊವೆತ್ ನಮ್ಮ ತಾತ ಅಂತ ಎಲ್ಲಾರಿಗೂ ಹೇಳಿದೀನಿ. ಗಣೀಲಿ ದೊಡ್ಡ ದೊರೆ, ಅಂಥೋರ್ನ ಕ್ಯಾಪ್ಟನ್ ಅಂತಿದ್ರು. ನಮ್ಮಪ್ಪನ್ನ ಅವ್ರು ಹೆತ್ತಿದ್ದಲ್ಲಮ್ಮ. ಒಳ್ಗೆ ಬಂಡೆ ಸಿಡೀತು. ಕೂಲಿಯೋರು ಸತ್ರು. ಅದ್ರಲ್ಲಿ ಒಬ್ಬನ ಮಗು ಗಣಿ ಬಾಯತ್ರ ಕೂತ್ಕೊಂಡು, ಅಪ್ಪ ಮೇಲಕ್ಕೆ ಬತ್ತಾನೆ ಅಂತ ಕಾಯ್ತಾ ಇತ್ತಂತೆ. ತಾಯಿ ಮೊದ್ಲೇ ಇರ್ಲಿಲ್ಲ. ದೊರೆಗೆ ಮಕ್ಕಳಿರ್ಲಿಲ್ಲ. ಎತ್ಕೊಂಡು ಬಂಗ್ಲೆಗೆ ಬಂದ. ಚರ್ಚಲ್ಲಿ ಫ್ರಾನ್ಸಿಸ್ ಅಂತ ಹೆಸರಿಟ್ಟ, ತನ್ನ ಮನೆಹೆಸರು ಕೊಟ್ಟ. ಬಂಗ್ಲೆ ಅಡುಗೆ ಮುನಿಯಮ್ಮ ನಾನು ಹುಡುಗ ಇದ್ದಾಗ ಹೇಳಿದ್ಲು."

"ಡೆಸ್ಮಂಡ್‌ಗೆ?"

"ಗೊತ್ತಿಲ್ಲ. ಅವರಮ್ಮಂಗೂ ಗೊತ್ತಿರ್ಲಿಲ್ಲ. ನಾವು ಬರೋ ಟೈಮಲ್ಲಿ ಬಿಳೀ ರಕ್ತ ಎಷ್ಟೈತೆ ಅಂತ ಈ ದೇಶದ ಆಫೀಸರ್ಗಳು ಕೇಳೋರು. ಕ್ಯಾಪ್ಟನ್ ಫೋಟೋ ತೋರ್ಸಿ ಇವ್ರೇ ನಮ್ಮ ತಾತ ಅಂದೆ. ಆ ಹೆಸರು ಇಲ್ದಿದ್ರೆ ನಾನೆಲ್ಲಿ, ಈ ಊರೆಲ್ಲಿ."

ಹಂಸಾಳ ಮನಸ್ಸು ಆ ಕ್ಷಣ ಮೈಸೂರಿನ ಸರಸ್ವತಿಪುರಂ ಮನೆಯ ನಡುಮನೆಗೆ ಹೋಯಿತು. ಅಲ್ಲಿ ಅವಳ ತಾತನ ದತ್ತು ಸ್ವೀಕಾರದ ಫೋಟೋ ಇದೆ. ಮಕ್ಕಳಿಲ್ಲದ ಸೋದರತ್ತೆ ಅವರನ್ನು ಹೋಮದ ಮುಂದೆ ಮಡಿಲಿಗೆ ತೆಗೆದುಕೊಂಡದ್ದು, ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು, ಅಂದಿನಿಂದ ತಾತನ ಗೋತ್ರವೇ ಬದಲಾದದ್ದು, ಇದನ್ನೆಲ್ಲ ಮನೆಯಲ್ಲಿ ಮದುವೆಯ ಕಥೆ ಹೇಳಿದಂತೆ ಹೇಳುತ್ತಿದ್ದರು.

"ಅಷ್ಟೇ ತಾನೆ ಅಂಕಲ್? ದತ್ತು. ಇದ್ರಲ್ಲಿ ಮುಚ್ಚಿಡೋದೇನಿದೆ?"

ಸಿರಿಲ್ ಅಂಕಲ್ ಅವಳನ್ನು ನೋಡಿ, "ನಿಮ್ದು ಒಳ್ಳೇದಮ್ಮ" ಎಂದು ಡಬ್ಬಿ ಎತ್ತಿಕೊಂಡು ಹೊರಟರು. ಯಾರಿಗೂ ಹೇಳಬೇಡ ಎಂದು ಅವರು ಹೇಳಲಿಲ್ಲ. ಕನ್ನಡದಲ್ಲಿ ಹೇಳಿದ್ದೇ ಸಾಕೆಂದುಕೊಂಡರೇನೋ. ಹಾವು, ಬಿಸಿಲು, ಈಜುಕೊಳದ ಗೇಟು, ಎಲ್ಲಕ್ಕೂ ನಿದ್ದೆಗೆಡುವ ಹಂಸಾ ಈ ಒಂದು ವಿಷಯಕ್ಕೆ ಮಾತ್ರ ಚಿಂತೆಪಡಲಿಲ್ಲ.

ಈಸ್ಟರ್ ರಜೆಗೆ ಡೆಸ್ಮಂಡ್ ಬಂದ. ಐವತ್ತು ದಾಟಿದ, ತಂದೆಯ ಹಾಗೇ ಎಣ್ಣೆಗೆಂಪು ಬಣ್ಣದ, ಗಟ್ಟಿಮುಟ್ಟಾದ ಮನುಷ್ಯ. ಮುಂಗೈ ಮೇಲೆ ಕಪ್ಪು ಚೌಕ, ಅದರೊಳಗೆ ಬಿಳಿಯ ಶಿಲುಬೆಯ ಹಚ್ಚೆ. ಕಾರ್ನ್‌ವಾಲಿನ ಬಾವುಟ ಅದು ಎಂದು ಅವನೇ ತೋರಿಸಿದ. ಮಧ್ಯಾಹ್ನದ ಚಹಕ್ಕೆ ಅಂಕಲ್ ಹಂಸಾಳನ್ನೂ ಪೂರ್ವಿಯನ್ನೂ ಕರೆದಿದ್ದರು. ವಿನಯ ಕೆಲಸದ ಮೇಲೆ ಊರಲ್ಲಿರಲಿಲ್ಲ. ಡೆಸ್ಮಂಡನಿಗೆ ಕನ್ನಡ ಬಾರದ್ದರಿಂದ ಮಾತೆಲ್ಲ ಇಂಗ್ಲಿಷಿನಲ್ಲೇ.

"ಡ್ಯಾಡ್, ಇನ್ನೂ ಉಗಿದಿಲ್ವಾ? ಡಬ್ಬಿ ಫ್ರಿಜ್ ಮೇಲೇ ಕೂತಿದೆ!"

"ವಯಸ್ಸಾಯ್ತು ಮಗನೇ, ಬಾಯಲ್ಲಿ ನೀರೇ ಬರಲ್ಲ" ಎಂದರು ಅಂಕಲ್.

"ನಿಂಬೆಹಣ್ಣು ನೆಕ್ಕು. ಹೋಗುವಾಗ ತಗೊಂಡೇ ಹೋಗೋದು ನಾನು." ಡೆಸ್ಮಂಡ್ ಹಂಸಾಳ ಕಡೆ ತಿರುಗಿದ. ಹೊಸ ಕಿವಿ ಸಿಕ್ಕ ಖುಷಿ ಅವನಿಗೆ. "ಚೆನೊವೆತ್ ಅಂದ್ರೆ ಏನು ಗೊತ್ತಾ ನಿಮಗೆ? ಕಾರ್ನ್‌ವಾಲ್ ಇಂಗ್ಲೆಂಡಿನ ತುದೀಲಿ ಸಮುದ್ರಕ್ಕೆ ಚಾಚಿಕೊಂಡಿರೋ ನಾಡು. ಅವರದ್ದೇ ಬೇರೆ ಭಾಷೆ ಇತ್ತು. ಆ ಭಾಷೇಲಿ 'ಚೈ' ಅಂದ್ರೆ ಮನೆ, 'ನೊವೆತ್' ಅಂದ್ರೆ ಹೊಸದು."

"ಹೊಸಮನೆ!" ಎಂದಳು ಹಂಸಾ. "ನಮ್ಮ ಕಡೆ ಹೊಸಮನಿ ಅಂತಲೇ ಎಷ್ಟೋ ಜನರ ಮನೆಹೆಸರಿದೆ."

"ಸೀರಿಯಸ್?" ಅವನು ಜೋರಾಗಿ ನಕ್ಕ. ಆಮೇಲೆ ಉತ್ಸಾಹ ಏರಿ, ಬಿಸ್ಕತ್ತುಗಳನ್ನು ಮೇಜಿನ ಮೇಲೆ ಹೊಲಮನೆಗಳ ಹಾಗೆ ಜೋಡಿಸಿ ವಿವರಿಸಿದ. ಏಳುನೂರು ವರ್ಷದ ಹಿಂದೆ ಕಾಡು ಕಡಿದು ಯಾರೋ ಹೊಸ ಮನೆ ಕಟ್ಟಿದರು, ಆ ಜಾಗಕ್ಕೆ ಆ ಹೆಸರು ಬಿತ್ತು, ಅಲ್ಲಿದ್ದವನಿಗೂ ಅದೇ ಹೆಸರು. ಹೊಸ ಮನೆ ಒಂದೇ ಊರಲ್ಲಿ ಕಟ್ಟುತ್ತಾರೆಯೇ? ಬೇರೆ ಬೇರೆ ಕಡೆ ಆ ಹೆಸರಿನ ಹೊಲಮನೆಗಳಿದ್ದವು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಚೆನೊವೆತ್‌ಗಳು. ಹಳೆಯ ಕಾಲದಲ್ಲಿ ಒಬ್ಬ ಆ ಮನೆ ಬಿಟ್ಟು ಇನ್ನೊಂದಕ್ಕೆ ಹೋದರೆ ಅವನ ಹೆಸರೂ ಬದಲಾಗಿಬಿಡುತ್ತಿತ್ತು. ಅವನ ಜಾಗಕ್ಕೆ ಬಂದವನು ಚೆನೊವೆತ್ ಆಗುತ್ತಿದ್ದ. ಎಷ್ಟೋ ತಲೆಮಾರಾದ ಮೇಲೆ ಹೆಸರು ಗಟ್ಟಿಯಾಗಿ ನಿಂತಿತು. ತವರದ ಗಣಿಗಳು ಬಡವಾದಾಗ ಕಾರ್ನ್‌ವಾಲಿನ ಗಣಿಗಾರರು ಪ್ರಪಂಚದಲ್ಲೆಲ್ಲ ಚದುರಿದರು. ಕ್ಯಾಪ್ಟನ್ ವಿಲಿಯಂ ಕೋಲಾರದ ಚಿನ್ನಕ್ಕೆ, ಅವನ ತಮ್ಮ ದಕ್ಷಿಣ ಆಸ್ಟ್ರೇಲಿಯಾದ ಮೂಂಟಾದ ತಾಮ್ರಕ್ಕೆ. ಆ ತಮ್ಮನ ವಂಶದ ಲೋರ್ನಾ ಈಗ ಅಡಿಲೇಡಿನಲ್ಲಿ ಎಲ್ಲರನ್ನೂ ಸೇರಿಸುತ್ತಿದ್ದಾಳೆ. "ನಮ್ಮದು ಯಾವ ಊರಿನ ಹೊಸಮನೆ ಅಂತ ಡ್ಯಾಡ್ ಉಗುಳಲ್ಲಿ ಗೊತ್ತಾಗುತ್ತೆ!"

ಹಂಸಾಳಿಗೆ ನಿಜಕ್ಕೂ ಸಂತೋಷವಾಯಿತು. ಇಷ್ಟು ದಿನ ಅಂಕಲ್ ಸುಮ್ಮನೆ ಕೊರಗಿದ್ದಕ್ಕೆ ಅವರ ಮಗನೇ ಮದ್ದು ಹಿಡಿದು ಕೂತಿದ್ದಾನಲ್ಲ! "ನೋಡಿ ಮತ್ತೆ!" ಎಂದಳು, ಇಂಗ್ಲಿಷಿನಲ್ಲಿ, ಡೆಸ್ಮಂಡನಿಗೂ ಅರ್ಥವಾಗಲೆಂದೇ. "ಆ ಮನೇಲಿ ಯಾರು ಬೆಳೀತಾರೋ ಅವರದೇ ಹೆಸರು. ನಿಮ್ಮ ತಾತನದ್ದೂ ಹಾಗೇ ತಾನೆ? ನಮ್ಮ ತಾತನೂ ದತ್ತು ಹೋದವರು. ಊರಿಗೆಲ್ಲ ಊಟ ಹಾಕಿದ್ರಂತೆ."

"ಯಾರು ದತ್ತು?" ಎಂದ ಡೆಸ್ಮಂಡ್.

ಅಂಕಲ್ ತಟ್ಟೆಯ ಮೇಲೆ ಕಪ್ಪಿಟ್ಟರು. ಅವರ ಕೈ ಅಲುಗಲಿಲ್ಲ. ಹಂಸಾಳಿಗೆ ಆಗ ಗೊತ್ತಾಯಿತು. ಮಾತು ಹಿಂದಕ್ಕೆ ಬರುವಂತಿರಲಿಲ್ಲ.

"ಡ್ಯಾಡ್?"

"ನಮ್ಮಪ್ಪ" ಎಂದರು ಸಿರಿಲ್. "ಗಣಿ ಕೂಲಿಯವನ ಮಗ. ಕ್ಯಾಪ್ಟನ್ ಸಾಕಿಕೊಂಡ."

ಗೋಡೆಯ ಮೇಲೆ ದಪ್ಪ ಮೀಸೆಯ ಕ್ಯಾಪ್ಟನ್ ಇದ್ದ. ಡೆಸ್ಮಂಡ್ ಅವನನ್ನು ನೋಡಿದ, ಆಮೇಲೆ ತಂದೆಯನ್ನು.

"ಸ್ಕೂಲಲ್ಲಿ ನನ್ನ ಬಣ್ಣಕ್ಕೆ ಹೊಡೆದಾಗ, ಅಳ್ತಾ ಮನೆಗೆ ಬಂದಾಗ, 'ನಾವು ಕಾರ್ನಿಷ್ ಅಂತ ಹೇಳೋ' ಅಂದವನು ನೀನೇ. ನಾನು ಹೇಳಿದೆ. ನಲವತ್ತು ವರ್ಷದಿಂದ ಅದನ್ನೇ ಹೇಳ್ತಾ ಇದೀನಿ." ಅವನು ಹಚ್ಚೆಯಿದ್ದ ಕೈಯನ್ನು ಮೇಜಿನ ಕೆಳಗೆ ಸರಿಸಿದ. "ಪಕ್ಕದ ಮನೆಯವರಿಗೆ ಗೊತ್ತು. ನನಗೆ ಗೊತ್ತಿಲ್ಲ."

ಅವನು ಕೂಗಾಡಲಿಲ್ಲ. ಫ್ರಿಜ್ ಮೇಲಿನ ಡಬ್ಬಿಯನ್ನು ತೆಗೆದು ಕಸದ ಬುಟ್ಟಿಗೆ ಹಾಕಿದ. ಅಂದು ಸಂಜೆಯೇ ಟ್ಯಾಕ್ಸಿ ಬಂತು. ಪೂರ್ವಿ ಕಿಟಕಿಗೆ ಮೂಗೊತ್ತಿ, "ಮಮ್ಮಾ, ವೈ ಈಸ್ ದ ಮ್ಯಾನ್ ಸ್ಯಾಡ್?" ಎಂದಳು. ಹಂಸಾ ಪರದೆ ಎಳೆದಳು.

ಮರುದಿನ ಅವಳು ಬೇಲಿಯ ಹತ್ತಿರ ಹೋಗಿ ನಿಂತಳು. "ಅಂಕಲ್, ನಂಗೆ ಗೊತ್ತಾಗ್ಲಿಲ್ಲ. ನಮ್ಮಲ್ಲಿ ಅದು... ತಪ್ಪಾಗೋಯ್ತು ಅಂಕಲ್."

"ಇಟ್ಸ್ ಆಲ್ರೈಟ್, ಲವ್" ಎಂದರು ಸಿರಿಲ್. ಗುಲಾಬಿಗೆ ನೀರು ಹಾಕುತ್ತಲೇ ಇದ್ದರು.

ಅಂದಿನಿಂದ ಅವರು ಅವಳೊಡನೆ ಇಂಗ್ಲಿಷಿನಲ್ಲೇ ಮಾತಾಡಿದರು. ಸೌಜನ್ಯಕ್ಕೆ ಕಡಿಮೆಯಿಲ್ಲ. ಪೂರ್ವಿಗೆ ಚಾಕೊಲೇಟು ಕೊಡುತ್ತಿದ್ದರು, ಕಸದ ಡಬ್ಬಿ ಒಳಗೆಳೆದು ಇಡುತ್ತಿದ್ದರು. ಬೈದಿದ್ದರೆ ಒಳ್ಳೆಯದಿತ್ತು ಎಂದು ಹಂಸಾ ಗಂಡನ ಹತ್ತಿರ ಅತ್ತಳು. "ನೀನು ಬೇಕಂತ ಮಾಡ್ಲಿಲ್ವಲ್ಲ" ಎಂದ ವಿನಯ. ಅವನು ಎಲ್ಲದಕ್ಕೂ ಹಾಗೇ ಹೇಳುತ್ತಾನೆ. ಬೇಕೆಂದು ಮಾಡದೆಯೇ ಒಬ್ಬ ಅಪ್ಪನಿಂದ ಮಗನನ್ನು ಕಿತ್ತುಕೊಂಡಂತಾಯಿತಲ್ಲ ಎಂದು ಅವಳು ಪೂರ್ವಿಯ ತಲೆ ಬಾಚುವಾಗ, ಊಟ ಮಾಡಿಸುವಾಗ ಯೋಚಿಸಿದಳು. ಭಾನುವಾರ ಬಂತು, ಅಂಚೆಪೆಟ್ಟಿಗೆಯ ಹಿತ್ತಾಳೆಯನ್ನು ಯಾರೂ ಉಜ್ಜಲಿಲ್ಲ. ಬ್ರಿಸ್ಬೇನಿನಿಂದ ಫೋನು ಬರುತ್ತಿರಲಿಲ್ಲ. ಬಂದಿದ್ದರೆ ಅಂಕಲ್ ಜೋರಾಗಿ ಮಾತಾಡುವುದು ಬೇಲಿಯಾಚೆಗೂ ಕೇಳುತ್ತಿತ್ತು.

ಮೇ ತಿಂಗಳ ಮೊದಲಲ್ಲಿ ಅವರೇ ಬಂದು ಬಾಗಿಲು ಬಡಿದರು. ಲೋರ್ನಾಗೆ ಫೋನ್ ಮಾಡಿದ್ದೇನೆ, ಅಡಿಲೇಡಿಗೆ ಹೋಗುತ್ತೇನೆ ಎಂದರು. ಅಷ್ಟು ಜನರ ಎದುರು ತಾನೇ ಹೇಳುವುದಿದೆ. ಮಗ ಬರಲಿ, ಬಿಡಲಿ. "ಸುಳ್ಳಾಡಿದ ಬಾಯೇ ಅದನ್ನ ತೆಗೀಬೇಕು" ಎಂದರು, ಇಂಗ್ಲಿಷಿನಲ್ಲಿಯೇ. ಆದರೆ ಸೊಂಟ ನೋವು, ಒಬ್ಬರೇ ವಿಮಾನದಲ್ಲಿ ಹೋಗಲು ಧೈರ್ಯವಿಲ್ಲ.

"ನಾನು ಬರ್ತೀನಿ" ಎಂದಳು ಹಂಸಾ. ಆಮೇಲೆ ಎರಡು ದಿನ ವಿಮಾನದಲ್ಲಿ ಪೂರ್ವಿಯ ಕಿವಿ ನೋಯುವ ಬಗ್ಗೆ ಚಿಂತಿಸಿದಳು.

ಅಡಿಲೇಡಿನ ಕಿಲ್ಬರ್ನ್ ಬಡಾವಣೆಯ ಒಂದು ಚರ್ಚ್ ಹಾಲಿನಲ್ಲಿ ಎಂಬತ್ತು ತೊಂಬತ್ತು ಜನ ಸೇರಿದ್ದರು. ಲೋರ್ನಾ ನಿವೃತ್ತ ಶಾಲಾ ಶಿಕ್ಷಕಿ, ಬೆಳ್ಳಿಗೂದಲು, ಎತ್ತರದ ದನಿ. ಮೇಜುಗಳ ಮೇಲೆ ಮಾಂಸ ತುಂಬಿದ ಪೇಸ್ಟಿಗಳು, ಕೇಸರಿ ಹಾಕಿದ ಬ್ರೆಡ್ಡು. ಗೋಡೆಯುದ್ದಕ್ಕೂ ಒಂದೊಂದು ಕವಲಿನ ಮೂಲಪುರುಷನ ಹೆಸರು. ಫೋಟೋ ತೆಗೆಯುವಾಗ ಅವರವರು ಅವರವರ ಹೆಸರಿನ ಕೆಳಗೆ ನಿಲ್ಲಬೇಕು. 'ವಿಲಿಯಂ, ಕೋಲಾರ' ಎಂಬ ಹೆಸರಿನ ಕೆಳಗೆ ಖಾಲಿ ಗೋಡೆ.

ಡೆಸ್ಮಂಡ್ ಒಳಗೆಲ್ಲೂ ಇರಲಿಲ್ಲ. ಪೂರ್ವಿ ಗಲಾಟೆ ಮಾಡಿದಳೆಂದು ಹಂಸಾ ಹೊರಗೆ ಬಂದಾಗ, ಕಾರು ನಿಲ್ಲಿಸುವ ಜಾಗದಲ್ಲಿ ಒಂದು ಬಾಡಿಗೆ ಕಾರಿನೊಳಗೆ ಅವನು ಕೂತಿರುವುದು ಕಂಡಿತು. ಬ್ರಿಸ್ಬೇನಿನಿಂದ ಬಂದಿದ್ದಾನೆ, ಇಳಿದಿಲ್ಲ. ಅವನೂ ಅವಳನ್ನು ನೋಡಿದ. ಅವಳಿಗೆ ಓಡಿಹೋಗಿ ಬೇಡಿಕೊಳ್ಳಬೇಕೆನಿಸಿತು. ನಾಲಿಗೆಯ ತುದಿಗೇ ಬಂದಿತ್ತು. ಒಮ್ಮೆ ಆಡಿ ಆದದ್ದು ಸಾಕು ಎಂದುಕೊಂಡು, ಹಾಲಿನ ಬಾಗಿಲನ್ನು ಪೂರ್ತಿ ತೆರೆದು, ಅದು ಮುಚ್ಚಿಕೊಳ್ಳದ ಹಾಗೆ ಒಂದು ಕುರ್ಚಿಯನ್ನು ಅಡ್ಡವಿಟ್ಟು ಒಳಗೆ ಹೋದಳು.

ಲೋರ್ನಾ ಕೊಟ್ಟ ಮೈಕನ್ನು ಸಿರಿಲ್ ಬೇಡವೆಂದರು. ಎಂಜಿನ್ನಿನ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಿದ್ದ ದನಿ, ಕಾರಿನ ತನಕವೂ ಹೋಗಿರಬೇಕು. ಬಂಡೆ ಸಿಡಿದದ್ದು, ಗಣಿಯ ಬಾಯಲ್ಲಿ ಕಾದು ಕೂತ ಮಗು, ಅದನ್ನು ಎತ್ತಿಕೊಂಡ ಕ್ಯಾಪ್ಟನ್, ಎಲ್ಲವನ್ನೂ ಹೇಳಿದರು. "ಆ ಮಗು ನನ್ನಪ್ಪ. ನಿಮ್ಮ ರಕ್ತ ನನ್ನಲ್ಲಿ ಇಲ್ಲ. ಅವನ ಹೆಸರು ಮಾತ್ರ ಇದೆ. ಅದರ ಮೇಲೇ ಈ ದೇಶಕ್ಕೆ ಬಂದೆ, ಅದರ ಮೇಲೇ ಬದುಕಿದೆ. ಮಗನಿಗೂ ಹೇಳಲಿಲ್ಲ. ಹೇಳಬೇಕಿತ್ತು."

ಯಾರೋ ಕೆಮ್ಮಿದರು. ಹಿಂದಿನ ಸಾಲಿನ ಕೆಂಪು ಮುಖದ ಮುದುಕನೊಬ್ಬ, "ಹಂಗಾದ್ರೆ ಇವರು ನಮ್ಮೋರಲ್ಲ ಅಂತಾಯ್ತು" ಎಂದ, ಮೆಲ್ಲಗೆ ಹೇಳಿದೆನೆಂದುಕೊಂಡು, ಎಲ್ಲರಿಗೂ ಕೇಳುವ ಹಾಗೆ. "ಮೊದಲು ಪೇಸ್ಟಿ ನುಂಗು, ಬ್ರಯನ್" ಎಂದಳು ಅವನ ಹೆಂಡತಿ. ಒಂದಿಬ್ಬರು ನಕ್ಕರು, ಉಳಿದವರು ನಗಲಿಲ್ಲ. ಲೋರ್ನಾ ಕನ್ನಡಕ ಒರೆಸಿಕೊಂಡಳು. "ಡೆಸ್ಮಂಡ್ ಸಿಗೋ ತನಕ ವಿಲಿಯಂಗೆ ಮಕ್ಕಳೇ ಇರಲಿಲ್ಲ ಅಂತ ಬರೆದುಬಿಟ್ಟಿದ್ವಿ" ಎಂದಳು ಕೊನೆಗೆ. "ಫೋಟೋಗೆ ಅಲ್ಲಿ ನಿಂತ್ಕೋತೀರಾ?"

ಎಲ್ಲರೂ ಅವರವರ ಜಾಗಕ್ಕೆ ಗುಂಪುಗುಂಪಾಗಿ ಹೋದರು. ಮಕ್ಕಳು, ಮೊಮ್ಮಕ್ಕಳು, ಒಬ್ಬರ ಹೆಗಲ ಮೇಲೆ ಒಬ್ಬರ ಕೈ. ಸಿರಿಲ್ ಹ್ಯಾಟು ತೆಗೆದು ಆ ಖಾಲಿ ಗೋಡೆಯ ಮುಂದೆ ಒಬ್ಬರೇ ನಿಂತರು. ಹಂಸಾಳಿಗೆ ನೋಡಲಾಗಲಿಲ್ಲ. ಫೋಟೋ ತೆಗೆಯುವ ಹುಡುಗಿ, "ಎಲ್ಲರೂ ರೆಡಿನಾ?" ಎಂದಳು.

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ಡೆಸ್ಮಂಡ್ ಯಾರ ಮುಖವನ್ನೂ ನೋಡದೆ ಹಾಲನ್ನು ಅಡ್ಡಡ್ಡ ದಾಟಿ ಬಂದ.

"ಸ್ವಲ್ಪ ಸರಿ, ಡ್ಯಾಡ್" ಎಂದ.

ಸಿರಿಲ್ ಸರಿದರು. ಇಬ್ಬರೂ ಮುಟ್ಟಿಕೊಳ್ಳಲಿಲ್ಲ, ನಗಲೂ ಇಲ್ಲ. ಕ್ಯಾಮೆರಾ ಕ್ಲಿಕ್ಕಿಸಿತು. ಇನ್ನೊಂದು, ಇನ್ನೊಂದು ಎನ್ನುತ್ತಾ ಹುಡುಗಿ ಎಲ್ಲರನ್ನೂ ನಿಲ್ಲಿಸಿಯೇ ಇದ್ದಳು.

ಮುಗಿದ ಮೇಲೆ ಹೊರಗಿನ ಬೆಂಚಿನಲ್ಲಿ ಅಪ್ಪ ಮಗ ಕೂತರು. ಹಂಸಾ ಪೂರ್ವಿಗೆ ಜ್ಯೂಸ್ ಕುಡಿಸುತ್ತ ದೂರ ನಿಂತಿದ್ದಳು. ರೈಲೊಂದು ಹಾದುಹೋಯಿತು. ಆಮೇಲೆ ಡೆಸ್ಮಂಡ್ ಕೇಳಿದ:

"ಅವನ ಹೆಸರೇನು? ಒಳಗೆ ಸತ್ತವನದು."

ಸಿರಿಲ್ ಹಂಸಾಳ ಕಡೆ ತಿರುಗಿದರು, ಅವಳಿಗೇನಾದರೂ ಗೊತ್ತಿದೆಯೇನೋ ಎಂಬಂತೆ. ಅವಳಿಗೇನು ಗೊತ್ತು! ಏಳುನೂರು ವರ್ಷದ ಹೊಸಮನೆಯ ಲೆಕ್ಕ ಸಿಕ್ಕಿತ್ತು. ನೂರು ವರ್ಷದ ಹಿಂದೆ ಕೋಲಾರದಲ್ಲಿ ಬಂಡೆಯ ಕೆಳಗೆ ಉಳಿದುಹೋದವನನ್ನು ಏನೆಂದು ಕರೆಯುತ್ತಿದ್ದರು ಎಂಬುದರ ಲೆಕ್ಕ ಯಾರಲ್ಲಿಯೂ ಇರಲಿಲ್ಲ.

"ಗೊತ್ತಿಲ್ಲ, ಮಗನೇ" ಎಂದರು. "ಮುನಿಯಮ್ಮನ್ನ ನಾನು ಕೇಳಬಹುದಿತ್ತು. ಕೇಳಲಿಲ್ಲ. ಯಾರೂ ಕೇಳಿರಲಿಲ್ಲ ಕಣೋ. ನೀನೇ ಮೊದಲು."

ಡೆಸ್ಮಂಡ್ ತಲೆಯಾಡಿಸಿದ. ಎದ್ದು ನಿಂತು, ಅಪ್ಪನ ಕಂಕುಳಿಗೆ ಕೈಕೊಟ್ಟು, ಅವರ ಸೊಂಟಕ್ಕೆ ನೋವಾಗದ ಹಾಗೆ ನಿಧಾನವಾಗಿ ಎಬ್ಬಿಸಿದ.